ತಣ್ಣನೆಯ ಯಜಮಾನರು

ಸಹೃದಯರಾದ ವಾಚಕ ಮಹಾಶಯರೇ! ಮನುಷ್ಯ ಶರೀರದ ಸಹಜ ಉಷ್ಣತೆ ಎಷ್ಟೆಂಬ ಗಹನವಾದ ಪ್ರಶ್ನೆಯು, ನಾನು ಬಾಡಿಗೆಗಿದ್ದ ಮನೆಯಲ್ಲಿ, ಒಂದು ಕ್ಲಾರಿನೆಟ್ಟಿನ ಸಮಕ್ಷಮದಲ್ಲಿ ಇತ್ಯರ್ಥವಾದ ಬಗೆಯನ್ನು ಅರಿಕೆ ಮಾಡಿಕೊಳ್ಳಲು ಅಪ್ಪಣೆಯಾಗಲಿ.

ಮನೆಯೊಡತಿ ನಿವೃತ್ತ ನರ್ಸಮ್ಮ. ಥರ್ಮಾಮೀಟರಿನ ಕೆಂಪು ಗೆರೆ, ಅಂದರೆ ತೊಂಬತ್ತೆಂಟು ಪಾಯಿಂಟ್ ಆರು, ಆಕೆಯ ಪಾಲಿಗೆ ವೇದವಾಕ್ಯ. ಆಕೆಯ ಯಜಮಾನರ ಪಾದರಸವೋ ಜನ್ಮದಲ್ಲಿ ತೊಂಬತ್ತೇಳನ್ನು ದಾಟಿದ್ದಲ್ಲ. ನಿನ್ನೆ ಅವರು ಒಂದು ಸೀನು ಸೀನಿದ್ದೇ ತಪ್ಪಾಯಿತು. ಗೆರೆ ಮುಟ್ಟುವವರೆಗೆ ಹೊಸ್ತಿಲು ದಾಟಕೂಡದೆಂದು ತೀರ್ಪಾಯಿತು. ಈ ಸಂಜೆಯೇ ಅವರು ಕ್ಲಾರಿನೆಟ್ ಊದುವ ಬ್ಯಾಂಡಿನ ಬೀದಿ ಮೆರವಣಿಗೆ. ಕ್ಲಾರಿನೆಟ್ ಒಂದೇ ಹಾಡುವ ತುಣುಕಿಗಾಗಿ ವರ್ಷವಿಡೀ ಕಾದಿದ್ದ ಯಜಮಾನರು, ಗಾಜಿನ ಕಡ್ಡಿಯನ್ನು ಕಚ್ಚಿಕೊಂಡು ಕಿಟಕಿಯತ್ತಲೇ ನೋಡುತ್ತಿದ್ದರು.

"ಮುಟ್ಟಿತು ರೀ, ಗೆರೆ ಮುಟ್ಟಿತು! ಈಗ ಮನುಷ್ಯರಾದ್ರಿ ನೋಡಿ. ಹೊರಡಿ!"

ಆಕೆಯೇ ಕೋಟು ತೊಡಿಸಿದರು. ಕೊನೆಯ ಗುಂಡಿ ಹಾಕುವಾಗ ಬೆರಳು ಅವರ ಕೊರಳಿಗೆ ತಗುಲಿ, ಅಲ್ಲೇ ನಿಂತಿತು.

"ಅಯ್ಯೋ, ಬೆಚ್ಚಗಿದ್ದೀರಲ್ರೀ!"

"ಗಾಜೇ ಸರಿ ಅಂದ ಮೇಲೆ ನಿಂದೇನೇ ತಕರಾರು?" ಯಜಮಾನರ ಹಲ್ಲು ಕಟಕಟಿಸುತ್ತಿತ್ತು.

"ನಿಮ್ಮ ಜೊತೆ ಸಂಸಾರ ಮಾಡಿದ್ದು ಗಾಜಾ, ನಾನಾ? ಈ ಮೈ ಯಾವಾಗಲೂ ಬಾವಿಕಟ್ಟೆ ಥರ ತಣ್ಣಗಿರುತ್ತೆ. ಇದು ಜ್ವರ! ಬಿಚ್ಚಿ ಕೋಟು!"

"ನಿನ್ನೆ ತಣ್ಣಗಿದ್ದೀನಿ ಅಂತ ಕೂಡಿಹಾಕಿದೆ, ಇವತ್ತು ಬೆಚ್ಚಗಿದ್ದೀನಿ ಅಂತಾನಾ? ನೀನೇ ನ್ಯಾಯ ಹೇಳಪ್ಪಾ!" ಎಂದು ಅವರು ಬಾಗಿಲಲ್ಲಿ ನಿಂತಿದ್ದ ನನ್ನತ್ತ ತಿರುಗಿದರು. ಕಣ್ಣಲ್ಲಿ ನೀರಿತ್ತು, ಜ್ವರದ್ದಿರಲಾರದು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. "ಮೆರವಣಿಗೆ ಈ ಬೀದಿಯಲ್ಲೇ ಬರುತ್ತಲ್ಲಮ್ಮಾ. ಮಂಚಾನ ಕಿಟಕಿ ಹತ್ತಿರ ಎಳೆಯೋಣ, ಅಲ್ಲಿಂದಲೇ ಊದಲಿ" ಎಂದೆ.

ನರ್ಸಮ್ಮ ನನ್ನನ್ನು ದುರುಗುಟ್ಟಿ ನೋಡಿದರು. ಬಳಿಕ ಮಂಚದ ಇನ್ನೊಂದು ತುದಿಗೆ ಕೈಹಾಕಿದರು. ಮಂಚವೇನೋ ಕಿಟಕಿ ಸೇರಿತು. ಆಕೆಯ ದೃಷ್ಟಿ ಮಾತ್ರ ನನ್ನ ಮೇಲೆ ನಾಟಿತು.

"ನೀನ್ಯಾಕೋ ಬಿಳಿಚಿಕೊಂಡಿದ್ದೀಯಲ್ಲಪ್ಪಾ. ಎಲ್ಲಿ, ಬಾಯಿ ತೆಗಿ ನೋಡೋಣ."

ನನ್ನ ಮೈಯೋ, ತೊಂಬತ್ತಾರರ ಆಸುಪಾಸಿನದು. ನನ್ನ ಕೋಣೆಗೆ ಓಡಿ, ಎರಡು ಅಂಗಿಗಳನ್ನೂ ಹರಕು ಕಾದಂಬರಿಗಳನ್ನೂ ಚೀಲಕ್ಕೆ ತುರುಕಿ, ಬೀದಿಗಿಳಿದು, ಆಗಷ್ಟೇ ತಿರುವಿನಲ್ಲಿ ಬರುತ್ತಿದ್ದ ಬ್ಯಾಂಡಿನವರಿಗೆ ಕಿಟಕಿಯ ಸುದ್ದಿ ಮುಟ್ಟಿಸಿ, ಅವರ ಬಾಲ ಹಿಡಿದೆ.

ಬ್ಯಾಂಡು ಮನೆಯೆದುರು ಬಂದು ಮೌನವಾಯಿತು. ಮೇಲಿನಿಂದ ಕ್ಲಾರಿನೆಟ್ ಒಂದೇ ಹಾಡಿತು. ತಲೆಯೆತ್ತಿ ನೋಡಿದೆ: ಕಂಬಳಿ ಹೊದ್ದ ಯಜಮಾನರು ಕಣ್ಮುಚ್ಚಿ ಊದುತ್ತಿದ್ದರು, ಥರ್ಮಾಮೀಟರು ನರ್ಸಮ್ಮನ ತುರುಬಿನಲ್ಲಿತ್ತು, ಆಕೆಯ ಅಂಗೈ ಅವರ ಹಣೆಯ ಮೇಲಿತ್ತು.