ಹೊರಜೇಬಿನ ಚೀಟಿ

ಅವಳು ಅಂದುಕೊಂಡಿದ್ದಂತೆ ಹತ್ತೂವರೆಗೆ ಫೋನು ಬಂತು. ಮಗಳ ಬೇಕುಬೇಡ ನೋಡಿಕೊಳ್ಳುವವನು ತಾನೊಬ್ಬನೇ, ಅವಳನ್ನು ತನಗೇ ಒಪ್ಪಿಸಬೇಕು ಎಂದು ಕೋರ್ಟಿನಲ್ಲಿ ಎದೆ ಉಬ್ಬಿಸಿ ಹೇಳಿದ್ದ ಗಂಡ, ಹತ್ತೂವರೆಯ ಬಸ್ಸಿನಲ್ಲಿ ಮೂರು ದಿನದ ಪ್ರವಾಸಕ್ಕೆಂದು ಬೆಳಿಗ್ಗೆಯಷ್ಟೇ ಮಗುವನ್ನು ಕರೆದೊಯ್ದಿದ್ದ. ಅವಳು ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಒತ್ತಿದಳು.

"ಬಸ್ಸಿನವರು ಒಂದು ಫಾರ್ಮ್ ಕೊಟ್ಟಿದಾರೆ. ದಾರೀಲಿ ಮಗೂಗೆ ಏನಾದ್ರೂ ಆದ್ರೆ ಬೇಕಂತೆ. ಅವಳ ಬ್ಲಡ್ ಗ್ರೂಪ್ ಯಾವುದು?"

"ನಿಮಗೆ ಗೊತ್ತಿಲ್ವಾ?"

"ಗೊತ್ತಿದ್ರೆ ಕೇಳ್ತಿದ್ನಾ? ಯಾವ ಮಾತ್ರೆ ಆಗಲ್ಲ ಅವಳಿಗೆ?"

"ಹೋದ ವರ್ಷ ಮೈಯೆಲ್ಲಾ ದದ್ದು ಎದ್ದು ಮೂರು ದಿನ ಆಸ್ಪತ್ರೇಲಿದ್ಲಲ್ಲ, ಅದೇ ಮಾತ್ರೆ."

"ಆಸ್ಪತ್ರೇಲಿದ್ಲಾ? ಯಾವಾಗ?"

ಅವಳು ಫೋನನ್ನು ಮೇಜಿನ ನಡುವಿಗೆ ಸರಿಸಿದಳು. ಅವನೇ ಮುಂದುವರಿಸಿದ.

"ಇದೆಲ್ಲ ಬರೆದು ಬ್ಯಾಗಿನ ಹೊರಜೇಬಲ್ಲಿ ಒಂದು ಚೀಟಿ ಇಡ್ತಿದ್ಯಲ್ಲ, ಈ ಸಲ ಎಲ್ಲಿ?"

"ಅಯ್ಯೋ, ಇಲ್ಲೇ ಉಳಿದುಬಿಟ್ಟಿದೆ."

ಬೆಳಿಗ್ಗೆ ಮಗಳಿಗೆ ಜಡೆ ಹಾಕಿ ಕಳಿಸುವ ಮುಂಚೆ ಅದನ್ನು ತೆಗೆದಿಟ್ಟುಕೊಂಡವಳು ಅವಳೇ. ಈಗ ಚೀಟಿಯಲ್ಲಿದ್ದುದನ್ನು ಒಂದಕ್ಷರ ಬಿಡದೆ ಎರಡೆರಡು ಸಲ ಓದಿ ಹೇಳಿದಳು. ಅವನು ಗೊಣಗುತ್ತಾ ಬರೆದುಕೊಂಡ.

"ಇಷ್ಟು ಹೇಳೋಕೆ ಇಷ್ಟು ಹೊತ್ತು ಸತಾಯಿಸಬೇಕಿತ್ತಾ?"

"ಬರ್ಕೊಳ್ತಿರೋದು ನೀವೊಬ್ರೇ ಅಲ್ವಲ್ಲ," ಎಂದಳು. "ಮಗು ಯಾರ ಹತ್ರ ಇರ್ಬೇಕು ಅಂತ ವರದಿ ಕೊಡೋಕೆ ಕೋರ್ಟಿಂದ ಮೇಡಂ ಬಂದಿದಾರೆ. ಆಗಿನಿಂದ ನನ್ನೆದುರಿಗೇ ಕೂತಿದಾರೆ."