ಕೆನ್ನೆಯ ಮೇಲಿನ ಸುಕ್ಕು

ಚಿಂತಾಮಣಿ ಬಸ್ ಸ್ಟ್ಯಾಂಡಿನ ಎದುರು ಗೋಡೆಗೆ ತಾನೇ ಹಚ್ಚಿದ್ದ ಹೀರೋಯಿನ್ನಿನ ಕೆನ್ನೆಯನ್ನು ಗಂಗುಲಪ್ಪ ಮೂರನೇ ಸಲ ಹರಿದು ಕೆಳಗೆ ಹಾಕಿದ. ಶುಕ್ರವಾರ ಬೆಳಿಗ್ಗೆ ಎಂಟು ಗಂಟೆ. ಹೊಸ ಸಿನಿಮಾದ ಮೊದಲ ಆಟಕ್ಕೆ ಇನ್ನು ಮೂರೇ ಗಂಟೆ ಉಳಿದಿತ್ತು. ಕೆಳಗೆ ಏಣಿ ಹಿಡಿದು ನಿಂತಿದ್ದ ಹೆಂಡತಿ ಅಕ್ಕಯ್ಯಮ್ಮ ತಲೆಯ ಮೇಲೆ ಬಿದ್ದ ಮೈದಾ ಅಂಟನ್ನು ಸೆರಗಿನಿಂದ ಒರೆಸಿಕೊಂಡಳು.

"ಯಾಕಯ್ಯಾ ಹರಿದೆ? ಚೆನ್ನಾಗೇ ಕೂತಿತ್ತಲ್ಲ."

"ಮೂಗಿನ ಪಕ್ಕ ಸುಕ್ಕು ಬಂದೈತೆ ಕಣೇ. ಮೂತಿನೇ ಸೊಟ್ಟಗಾಗೈತೆ."

"ಸುಕ್ಕೂ ಇಲ್ಲ, ಗಿಕ್ಕೂ ಇಲ್ಲ. ಕೈಯಾಡಿಸಿ ನೋಡು."

ಕೈಯಾಡಿಸಿ ನೋಡಿದ್ದ. ಕೈಗೆ ಏನೂ ಸಿಕ್ಕಿರಲಿಲ್ಲ, ಕಣ್ಣಿಗೆ ಮಾತ್ರ ಕೆನ್ನೆಯ ನಡುವೆ ಅಲೆ ಎದ್ದಂತೆ ಕಾಣುತ್ತಿತ್ತು. ಮೂವತ್ತು ವರ್ಷದಿಂದ ಟಾಕೀಸಿಗೆ ಪೋಸ್ಟರ್ ಹಚ್ಚುತ್ತಿದ್ದ ಆಸಾಮಿ ಅವನು. ಗಂಗುಲಪ್ಪ ಹಚ್ಚಿದರೆ ನೊಣ ಕೂತರೂ ಜಾರಬೇಕು ಎಂದು ಊರೇ ಹೇಳುತ್ತಿತ್ತು. ಅವನ ಎಡಗಣ್ಣು ಹುಟ್ಟಿನಿಂದಲೂ ಮಂದ, ಏನಿದ್ದರೂ ಬಲಗಣ್ಣಿನ ಮೇಲೇ ಬದುಕು. ಮೂರು ತಿಂಗಳ ಹಿಂದೆ ಆ ಬಲಗಣ್ಣಿನ ಒಳಪರದೆಯೇ ಬಿಟ್ಟುಕೊಂಡು, ಆಪರೇಷನ್ ಮಾಡಿಸಿಕೊಂಡು, ಡಾಕ್ಟರು ಹೇಳಿದಂತೆ ಹದಿನೈದು ದಿನ ಬೋರಲು ಮಲಗಿ ಎದ್ದು ಬಂದಿದ್ದ. ಈಗ ಅವನ ತರ್ಕ ಸರಳವಾಗಿತ್ತು. ಕಣ್ಣು ಹೊಸದಾಗಿ ರಿಪೇರಿಯಾಗಿದೆ, ಕೈಗೆ ಐವತ್ತೆಂಟು ವರ್ಷ ತುಂಬಿದೆ. ತಪ್ಪು ಮಾಡುವುದಾದರೆ ಕೈಯೇ ಮಾಡಬೇಕು.

"ನನ್ನ ಕೈ ಹೋಯ್ತು ಕಣೇ," ಎಂದ ಗಂಗುಲಪ್ಪ ಏಣಿಯ ಮೇಲೇ ಕೂತು. "ಮ್ಯಾನೇಜರ್ ಖಲೀಮುಲ್ಲಾ ಸಾಹೇಬ್ರಿಗೆ ಹೇಳಿ ಬಕೆಟ್ಟು, ಬ್ರಷ್ಷು ಒಪ್ಪಿಸಿಬಿಡ್ತೀನಿ." ಆ ಕೆಲಸವೆಂದರೆ ಅವನಿಗೆ ಪ್ರಾಣ.

"ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ. ನೀನು ನೋಡಿದ್ರೆ ಕುಣಿಯೋಕೆ ಬಂದ್ರೂ ನನ್ನ ಕಾಲೇ ಡೊಂಕು ಅಂತೀಯ. ನಾಳೆ ಹೆಂಗೂ ಡಾಕ್ಟ್ರು ಬರೋಕೆ ಹೇಳಿರೋ ದಿನ. ಕಣ್ಣು ತೋರಿಸ್ಕೊಂಡು ಬಂದು ಆಮೇಲೆ ಒಪ್ಪಿಸೋವಂತೆ." ನಾಲ್ಕನೇ ಪೋಸ್ಟರನ್ನು ಹಚ್ಚಿಸಿ, ಅವನು ಕತ್ತೆತ್ತಿ ನೋಡುವ ಮೊದಲೇ ಕೆಳಗಿಳಿಸಿ, ಏಣಿ ಎತ್ತಿಕೊಂಡು ನಡೆದೇಬಿಟ್ಟಳು.

ಮರುದಿನ ಚಿಕ್ಕಬಳ್ಳಾಪುರದ ಕಣ್ಣಾಸ್ಪತ್ರೆಯಲ್ಲಿ, ಅವನಿಗೆ ಆಪರೇಷನ್ ಮಾಡಿದ್ದ ಡಾಕ್ಟರು ಚೌಕಳಿ ಗೆರೆಗಳ ಹಾಳೆಯೊಂದನ್ನು ಮುಂದೆ ಹಿಡಿದರು. ನಡುವಿನ ಗೆರೆಗಳು ಬಗ್ಗಿವೆ ಎಂದ ಗಂಗುಲಪ್ಪ.

"ಮನೆ ಮುಂದಿನ ಕರೆಂಟ್ ಕಂಬ? ಅದೂ ಬಗ್ಗಿದ ಹಾಗೆ ಕಾಣುತ್ತಾ?"

"ನಮ್ಮ ಬೀದಿ ಕಂಬ ಬಗ್ಗೇ ಇರೋದು ಸಾರ್."

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಹೊಸದಾಗಿ ಬಂದಿದ್ದ ಸ್ಕ್ಯಾನಿಂಗ್ ಮೆಷಿನ್ನಿನ ಮುಂದೆ ಅವನ ಗದ್ದ ಆನಿಸಿ ಕೂರಿಸಿ, ಎದುರಿನ ಪುಟ್ಟ ದೀಪ ನೋಡಿಸಿ, ಚಿತ್ರ ತೆಗೆಸಿದರು. ಚಿತ್ರ ಕೈಗೆ ಬಂದಾಗ ಅವರ ನಗು ಇರಲಿಲ್ಲ.

"ನೋಡಿ ಗಂಗುಲಪ್ಪ, ಇದು ನಿಮ್ಮ ಕಣ್ಣಿನ ಒಳಪರದೆ. ಬಿಟ್ಟುಕೊಂಡಿದ್ದನ್ನ ಒಳಗಡೆ ಗ್ಯಾಸ್ ತುಂಬಿ, ಒತ್ತಿ ಕೂರಿಸಿದ್ವಿ. ಗಟ್ಟಿಯಾಗೇ ಕೂತಿದೆ. ಆದರೆ ಇಲ್ಲಿ, ನಡುಮಧ್ಯೆ, ಸಣ್ಣದೊಂದು ಸುಕ್ಕು ಉಳಿದುಬಿಟ್ಟಿದೆ. ಅದಕ್ಕೇ ನೇರವಾಗಿರೋದೆಲ್ಲ ನಿಮಗೆ ಡೊಂಕಾಗಿ ಕಾಣ್ತಿದೆ. ಬರ್ತಾ ಬರ್ತಾ ಕಡಿಮೆ ಆಗಬಹುದು. ಪೂರ್ತಿ ಹೋಗುತ್ತೆ ಅಂತ ಮಾತ್ರ ಹೇಳಕ್ಕಾಗಲ್ಲ." ಬೈಗುಳಕ್ಕೆ ಸಿದ್ಧರಾದವರಂತೆ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಗಂಗುಲಪ್ಪ ಚಿತ್ರದ ಮೇಲೆ ಬೆರಳಿಟ್ಟ. "ಸುಕ್ಕು ಇಲ್ಲೈತಾ? ಗೋಡೆ ಮೇಲಿಲ್ವಾ ಸಾರ್?"

"ಗೋಡೆ ಮೇಲೆ ಯಾಕಿರುತ್ತೆ?"

ಅವನು ಹೆಂಡತಿಯ ಕಡೆ ತಿರುಗಿದ. ಮುಖ ಇಷ್ಟಗಲ ಅರಳಿತ್ತು, ಕಣ್ಣು ತುಂಬಿಬಂದಿತ್ತು. "ನನ್ನ ಕೈಗೇನೂ ಆಗಿಲ್ವಂತೆ ಕಣೇ." ಎರಡೂ ಅಂಗೈಗಳನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿಕೊಂಡ. ಆಮೇಲೆ ಡಾಕ್ಟರ ಸಪ್ಪೆ ಮುಖ ಕಂಡು ಅವನಿಗೇ ಅಯ್ಯೋ ಅನ್ನಿಸಿತು.

"ಆ ಪರದೆ ಎಷ್ಟು ಅಗಲ ಇರುತ್ತೆ ಸಾರ್?"

"ಹೆಚ್ಚುಕಡಿಮೆ ಒಂದು ಅಂಚೆ ಸ್ಟಾಂಪಿನಷ್ಟು."

"ಅಷ್ಟು ಚಿಕ್ಕದನ್ನ, ಅದೂ ಒಳಗಡೆಯಿಂದ ಹಚ್ಚಿ, ಒಂದೇ ಸುಕ್ಕಾ? ನಾನು ಕೆಲಸ ಕಲಿಯೋವಾಗ ಒಂದೊಂದು ಪೋಸ್ಟರಿಗೆ ಹತ್ತತ್ತು ಬರ್ತಿತ್ತು. ಬೇಜಾರು ಮಾಡ್ಕೋಬೇಡಿ ಸಾರ್, ನಿಮ್ಮ ಕೈ ಚೆನ್ನಾಗೈತೆ."

ಸಮಾಧಾನ ಹೇಳಬೇಕಾದವರು ಸಮಾಧಾನ ಹೇಳಿಸಿಕೊಂಡು ಕೂತರು.

ಮುಂದಿನ ಶುಕ್ರವಾರ ಅದೇ ಗೋಡೆಗೆ ಬೇರೆ ಸಿನಿಮಾ, ಬೇರೆ ಹೀರೋಯಿನ್. ಗಂಗುಲಪ್ಪ ಏಣಿಯ ಮೇಲೆ ನಿಂತು, ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿ, ಆಳೆತ್ತರದ ಆ ಮುಖವನ್ನು ಅಂಗೈಯಿಂದ ನಡುವಿನಿಂದ ಅಂಚಿಗೆ, ನಡುವಿನಿಂದ ಅಂಚಿಗೆ ಮೆಲ್ಲಗೆ ಸವರುತ್ತಿದ್ದ. ಮುರುಗಮಲ್ಲದ ಬಸ್ಸಿಗೆ ಕಾದಿದ್ದವರೆಲ್ಲ ಬಸ್ಸಿನ ಕಡೆ ನೋಡುವುದು ಬಿಟ್ಟು ಇವನ ಕಡೆ ನೋಡಿ ಕಿಸಿಕಿಸಿ ನಗುತ್ತಿದ್ದರು. ಏಣಿ ಹಿಡಿದಿದ್ದ ಅಕ್ಕಯ್ಯಮ್ಮನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಏನಯ್ಯಾ, ಅವಾಗ್ಲಿಂದ ಅವಳ ಕೆನ್ನೆ ಸವರ್ತಾನೇ ಇದ್ದೀಯ. ಸುಕ್ಕು ಸಿಕ್ತಾ?"

"ಇಲ್ಲ ಕಣೇ," ಎಂದ ಗಂಗುಲಪ್ಪ ಕಣ್ಣು ತೆರೆಯದೆ. "ಅದಕ್ಕೇ ಇನ್ನೂ ಹುಡುಕ್ತಾ ಇದ್ದೀನಿ."