ಬಾಯಿಗೆ ತರಬಾರದ ಹೆಸರು

ಜನಗಣತಿಯವರ ಮುಂದೆ ಹೆಂಡತಿ ಅಂಬಾಬಾಯಿ ತಮ್ಮ ಹೆಸರು ಹೇಳಿದ್ದಕ್ಕೆ ಮುನಿಸಿಪಲ್ ಮೆಂಬರ್ ಭುಜಂಗರಾಯರು ಸೂರು ಹಾರಿಹೋಗುವಂತೆ ಕೂಗಾಡಿದ್ದರು.

"ಗಂಡನ ಹೆಸರು ಬಾಯಲ್ಲಿ ಹೇಳ್ತಾರೇನೇ? ಇನ್ನೊಂದ್ಸಲ ಹೇಳಿದ್ರೆ ನೋಡು!"

ಈಗ ಊರಿಗೆ ಹೆರಿಗೆ ಆಸ್ಪತ್ರೆ ಬರುವುದಿತ್ತು. ಅದರ ಕಮಿಟಿಗೆ ಅಧ್ಯಕ್ಷರು ಯಾರಾಗಬೇಕೆಂದು ಮಹಿಳಾ ಸಮಾಜದ ಸಭೆಯಲ್ಲೇ ಕೇಳುವುದಾಗಿ ದಿವಾನರು ತಿಳಿಸಿದ್ದರು. ಸಮಾಜದ ಪರವಾಗಿ ಹೆಸರು ಹೇಳಬೇಕಾದವಳು ಕಾರ್ಯದರ್ಶಿ ಅಂಬಾಬಾಯಿ. ರಾಯರು ಆಗಲೇ ಹೊಸ ಜರಿಪೇಟ ಕಟ್ಟಿಸಿಟ್ಟಿದ್ದರು.

ಹೆಂಡತಿ ಸಭೆ ಮುಗಿಸಿ ಬಂದದ್ದೇ ತಡ, ಪೇಟ ಧರಿಸಿಕೊಂಡೇ ಬಾಗಿಲಿಗೆ ಓಡಿದರು.

"ದಿವಾನರು ಕೇಳಿದ್ರಾ?"

"ಎಲ್ಲರ ಎದುರೇ ಕೇಳಿದ್ರು."

"ಹೇಳಿದ್ಯಾ?"

"ನಿಮ್ಮ ಹೆಸರು ಹೇಗೆ ಹೇಳ್ಲಿ? ನಾಲಿಗೆ ತುದಿವರೆಗೂ ಬಂತು, ನುಂಗಿಕೊಂಡೆ."

ರಾಯರ ಮುಖ ಸಪ್ಪಗಾಯಿತು.

"ಮತ್ತೆ ಯಾರ ಹೆಸರು ಹೇಳಿ ಬಂದ್ಯೇ?"

"ನನ್ನದು. ಅದನ್ನ ಹೇಳಬೇಡ ಅಂತ ನೀವು ಅಂದಿರಲಿಲ್ಲವಲ್ಲ."